ನಾವೇನು ಗೋಧಿ ತಿನ್ನೋ ಮಂದಿನಾ?

"ಏನಕ್ಕ, ಚಪಾತಿ ಬಿಟ್ಟಿದ್ದೀರಂತೆ? ತೂಕ ಇಳಿಸೋಕಾ?"

ಅಂಗಡಿಗೆ ಬರುವವರು ಲಗ್ನಪತ್ರಿಕೆಯ ಮಾತು ತೆಗೆಯುವ ಮೊದಲು ಈಗ ಇದನ್ನೇ ಕೇಳುತ್ತಾರೆ. ತೂಕಕ್ಕಲ್ಲ, ಸೀಲಿಯಾಕ್ ಅಂತ ಗೋಧಿ ಆಗದ ಒಂದು ಕರುಳಿನ ಕಾಯಿಲೆಗೆ ಬಿಟ್ಟದ್ದು ಅಂತ ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಕೂತು ಎಲ್ಲ ಬರೆದುಬಿಟ್ಟರೆ, ಆಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡಿದರಾಯಿತು.

ನನ್ನ ತವರು ಹೊಸದುರ್ಗದ ಕಡೆ. ಮದುವೆಯಾಗಿ ದಾವಣಗೆರೆಗೆ ಬಂದೆ. ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಪ್ರಿಂಟಿಂಗ್ ಓಡಾಟವೆಲ್ಲ ನಮ್ಮನೆಯವರದ್ದು, ಟೈಪಿಂಗು, ಡಿಸೈನು, ಪ್ರೂಫು ನನ್ನದು. ಲಗ್ನಪತ್ರಿಕೆ, ಗೃಹಪ್ರವೇಶ, ಬಿಲ್‌ಬುಕ್, ಚುನಾವಣೆ ಬಂದರೆ ಕರಪತ್ರ. ದಿನವಿಡೀ ಕೂತು ಮಾಡೋ ಕೆಲಸ. ಹಾಗಾಗಿ ಸುಸ್ತು ಅಂದರೆ ಯಾರೂ ನಂಬುತ್ತಿರಲಿಲ್ಲ. "ಕೂತಲ್ಲೇ ಕೂರ್ತೀಯ, ಏನು ಸುಸ್ತು?"

ಶುರುವಾದದ್ದು ಹೊಟ್ಟೆಯಿಂದ ಅಲ್ಲ, ಸುಸ್ತಿನಿಂದಲೇ. ಬೆಳಗ್ಗೆ ಎದ್ದಾಗಲೇ ಮೈಯೆಲ್ಲ ಜಜ್ಜಿದ ಹಾಗೆ. ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಪ್ರೂಫ್ ನೋಡುವಾಗ ಒಂದೇ ಸಾಲನ್ನು ಎಷ್ಟು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ ಬಾಯಿಹುಣ್ಣು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಬಾಚಣಿಗೆ ತುಂಬಾ ಕೂದಲು. ಹೊಟ್ಟೆಯ ಕಥೆ ಇವೆಲ್ಲ ಆದಮೇಲೆ ಸೇರಿಕೊಂಡಿತು. ಬೆಳಗ್ಗೆ ಸರಿಯಾಗಿ ಉಟ್ಟ ಸೀರೆ ಸಂಜೆ ಹೊತ್ತಿಗೆ ಸೊಂಟದ ಹತ್ತಿರ ಬಿಗಿಯಾಗುತ್ತಿತ್ತು. ಕೆಲವು ದಿನ ಬೇಧಿ, ಕೆಲವು ದಿನ ಏನೂ ಇಲ್ಲ.

ನಮ್ಮೂರಲ್ಲಿ ಎದೆಯಿಂದ ಸೊಂಟದ ತನಕ ಏನೇ ಆದರೂ ಅದು ಗ್ಯಾಸ್ಟ್ರಿಕ್ಕೇ. ಮೆಡಿಕಲ್ ಶಾಪಿನವನು ಕೇಳದೇ ಮಾತ್ರೆ ಕೊಡುತ್ತಾನೆ, ಬೆಳಗ್ಗೆ ಖಾಲಿ ಹೊಟ್ಟೆಗೆ. ನಮ್ಮತ್ತೆ ಬಟ್ಟಿ ಸರಿದಿದೆ ಅಂದರು, ಹೊಟ್ಟೆ ನೀವಿಸಿಕೊಂಡೂ ಬಂದೆ. ಬಾಯಿಹುಣ್ಣಿಗೆ ಪಕ್ಕದ ಮನೆಯವರು ಉಷ್ಣ ಅಂದರು, ಮೆಂತ್ಯ ನೆನೆಹಾಕಿದ ನೀರು, ಮಜ್ಜಿಗೆ, ಎಲ್ಲ ಆಯಿತು. ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು ಮಾತ್ರ, "ಮೊದಲು ಮಿರ್ಚಿ ಮಂಡಕ್ಕಿ ಬಿಡು, ಬೆಣ್ಣೆದೋಸೆ ಬಿಡು." ದಾವಣಗೆರೆಯಲ್ಲಿ ಇದ್ದುಕೊಂಡು ಇವೆರಡನ್ನೂ ಬಿಡೋದು ಅಂದರೆ ಏನು ಅಂತ ಇಲ್ಲಿಯವರಿಗೇ ಗೊತ್ತು. ಬಿಟ್ಟೆ. ಅದರ ಬದಲು, ಹೊಟ್ಟೆಗೆ ಹಗುರ ಅಂತ, ಬ್ರೆಡ್ಡು, ರಸ್ಕು, ರವೆ ಗಂಜಿ. ಶಕ್ತಿ ಬರಲಿ ಅಂತ ರಾತ್ರಿ ಹಾಲಿಗೆ ಹಾರ್ಲಿಕ್ಸ್. ಈಗ ನೆನೆಸಿಕೊಂಡರೆ ನಗು ಬರುತ್ತೆ. ಮಂಡಕ್ಕಿ ಅಕ್ಕಿಯದ್ದು, ಮಿರ್ಚಿ ಕಡಲೆಹಿಟ್ಟಿನದ್ದು. ತಪ್ಪಿಲ್ಲದವರನ್ನು ಮನೆಯಿಂದ ಹೊರಗೆ ಹಾಕಿ, ಗೋಧಿ, ಬಾರ್ಲಿಗೆ ಮಣೆ ಹಾಕಿ ಕೂರಿಸಿದ್ದೆವು.

ಡಾಕ್ಟರ ಹತ್ತಿರ ಹೋಗಲಿಲ್ಲ ಅಂತಲ್ಲ. ಒಂದು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 8.2 ಬಂತು. ಕಬ್ಬಿಣದ ಮಾತ್ರೆ ಬರೆದರು. ತಿಂಗಳುಗಟ್ಟಲೆ ನುಂಗಿದೆ. ಮತ್ತೆ ನೋಡಿದರೆ 8.5. "ಹೆಣ್ಣುಮಕ್ಕಳಿಗೆ ಇದು ಇದ್ದದ್ದೇ ಅಮ್ಮ, ತಿಂಗಳು ತಿಂಗಳು ಹೋಗುತ್ತಲ್ಲ." ಸ್ಕ್ಯಾನಿಂಗ್ ಮಾಡಿಸಿದರು, ಗರ್ಭಕೋಶ ಸರಿಯಿದೆ. ಮುಟ್ಟು ಜಾಸ್ತಿ ಹೋಗುತ್ತಿಲ್ಲ ಅಂತ ನಾನೇ ಹೇಳಿದರೂ ಕೇಳಿಸಿಕೊಳ್ಳುವವರು ಇರಲಿಲ್ಲ. ಇದೇ ಸಂಖ್ಯೆ ನಮ್ಮನೆಯವರಿಗೆ ಬಂದಿದ್ದರೆ ರಕ್ತ ಎಲ್ಲಿ ಹೋಗ್ತಿದೆ ಅಂತ ಹುಡುಕದೆ ಬಿಡುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತೆ. ಇನ್ನೊಂದು ಕಡೆ ಎಂಡೋಸ್ಕೋಪಿ ಮಾಡಿ "ಸ್ವಲ್ಪ ಗ್ಯಾಸ್ಟ್ರೈಟಿಸ್ ಇದೆ, ಟೆನ್ಶನ್ ಮಾಡ್ಕೋಬೇಡಿ" ಅಂದರು. ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿರಲಿಲ್ಲ. ಕಳಿಸಬೇಕು ಅಂತ ನನಗೆ ಆಗ ಗೊತ್ತೂ ಇರಲಿಲ್ಲ. ಇದರ ಜೊತೆಗೆ ಮೊದಲಿಂದ ಇದ್ದ ಥೈರಾಯ್ಡ್. ಮಾತ್ರೆ 50 ಇದ್ದದ್ದು 75 ಆಯಿತು, 100 ಆಯಿತು, 125ಕ್ಕೆ ಬಂತು. ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ ಅನ್ನೋ ಸಂಖ್ಯೆ ಮಾತ್ರ ಇಳಿಯಲೊಲ್ಲದು.

ಈ ನಡುವೆ ನಮ್ಮನೆಯಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ನಮ್ಮನೆಯವರಿಗೆ ಶುಗರ್ ಬಂತು. ಶುಗರ್ ಬಂದ ಮನೆಯಲ್ಲಿ ರಾತ್ರಿ ಅನ್ನ ಹೋಗಿ ಚಪಾತಿ ಬರುತ್ತೆ, ಇದು ಈಗ ಊರಿನ ಕಾನೂನು. ಮೊದಲು ರಾತ್ರಿ ಮುದ್ದೆಯೋ ಜೋಳದ ರೊಟ್ಟಿಯೋ ಇರುತ್ತಿತ್ತು. ಒಬ್ಬರಿಗೊಂದು ಅಡಿಗೆ ಮಾಡೋಕಾಗುತ್ತಾ? ಎಲ್ಲರಿಗೂ ಚಪಾತಿ. ಶನಿವಾರ ಅತ್ತೆ ಮತ್ತು ನಾನು ಒಪ್ಪತ್ತು ಮಾಡುತ್ತೇವೆ. ರಾತ್ರಿ ಅನ್ನ ಮುಟ್ಟಲ್ಲ, ರವೆ ಉಪ್ಪಿಟ್ಟು. ಭಾನುವಾರ ಎದ್ದರೆ ನನ್ನ ಪಾಡು ಕೇಳಬೇಡಿ. ಅತ್ತೆ "ಖಾಲಿ ಹೊಟ್ಟೆ ಇದ್ದದ್ದಕ್ಕೆ ವಾಯು" ಅನ್ನುತ್ತಿದ್ದರು.

ತಮ್ಮನ ಮದುವೆ ಕೆಲಸಕ್ಕೆ ಅಂತ ಹೊಸದುರ್ಗಕ್ಕೆ ಹೋಗಿ ಕೆಲವು ವಾರ ಇದ್ದೆ. ಅಲ್ಲಿ ಎರಡು ಹೊತ್ತೂ ರಾಗಿಮುದ್ದೆ, ಬಸ್ಸಾರು, ಕೆಲವು ದಿನ ನವಣೆ ಅನ್ನ. ಹೊಟ್ಟೆ ತಣ್ಣಗಾಯಿತು. ಬಾಯಿಹುಣ್ಣು ಕೂಡ ಕಡಿಮೆ. "ತವರಿನ ನೀರು" ಅಂತ ಅವ್ವ ಹಿಗ್ಗಿದಳು. ಮದುವೆಯಲ್ಲಿ ಮೂರು ದಿನ ಪೂರಿ, ಚಿರೋಟಿ, ಹೋಳಿಗೆ ತಿಂದದ್ದೇ ತಡ, ತವರಿನ ನೀರು ಕೈಕೊಟ್ಟಿತು.

ವಾಪಸ್ ಬಂದಮೇಲೆ ತೋರಿಸಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ. ಫೈಲು ಪೂರ್ತಿ ತಿರುವಿ ಹಾಕಿದರು. ಆಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟರು. ಒಂದು ಹಿಮೋಗ್ಲೋಬಿನ್‌ದು, ಒಂದು ಥೈರಾಯ್ಡ್‌ದು. "ಕಬ್ಬಿಣದ ಮಾತ್ರೆ ಏರಿಸ್ತಿಲ್ಲ. ಥೈರಾಯ್ಡ್ ಮಾತ್ರೆ ಕೆಲಸ ಮಾಡ್ತಿಲ್ಲ. ಎರಡನ್ನೂ ನೀವು ನುಂಗ್ತಿದ್ದೀರಿ ಅಲ್ವಾ? ಹಾಗಾದ್ರೆ ಎರಡೂ ಎಲ್ಲಿ ಹೋಗ್ತಿವೆ?"

ಇಷ್ಟು ಸಣ್ಣ ಪ್ರಶ್ನೆ. ಹೊಟ್ಟೆ ಉಬ್ಬರ ಯಾರಿಗಾದರೂ ಬರುತ್ತೆ. ನುಂಗಿದ್ದು ರಕ್ತಕ್ಕೆ ಸೇರುತ್ತಿಲ್ಲ ಅನ್ನೋದೇ ನಿಜವಾದ ಸುಳಿವು. ಕಬ್ಬಿಣ ಹೀರಿಕೊಳ್ಳೋದು ಸಣ್ಣ ಕರುಳಿನ ಶುರುವಿನ ಭಾಗ. ಸೀಲಿಯಾಕ್ ಅನ್ನೋ ಕಾಯಿಲೆ ಮೊದಲು ಹಾಳು ಮಾಡೋದೂ ಅದೇ ಭಾಗವನ್ನ. ಥೈರಾಯ್ಡ್ ಇರುವವರಲ್ಲಿ ಇದು ಸ್ವಲ್ಪ ಜಾಸ್ತಿ ಕಾಣಿಸಿಕೊಳ್ಳುತ್ತಂತೆ, ಎರಡರಲ್ಲೂ ಮೈ ತನ್ನ ಮೇಲೆ ತಾನೇ ತಿರುಗಿ ಬೀಳೋದು.

ಹೋಳಿಗೆಗೆ ಕಣಕ ನಾದುವಾಗ ಹಿಟ್ಟು ಹರಿಯದೆ ಹಿಗ್ಗುತ್ತಲ್ಲ, ಆ ಜಿಗುಟೇ ಗ್ಲುಟೆನ್. ಸೀಲಿಯಾಕ್ ಇರುವವರ ಕರುಳು ಹಾಳಾಗೋದು ಇದನ್ನು ತಿಂದಾಗಲೇ. ಗೋಧಿ, ಬಾರ್ಲಿ, ನಮ್ಮಲ್ಲಿ ಇಲ್ಲದ ರೈ ಅನ್ನೋ ಧಾನ್ಯ, ಈ ಮೂರರಲ್ಲಿ ತೊಂದರೆ ಕೊಡುವ ಅಂಶ ಇದೆ. ಈ ಒಗಟು ಬಿಡಿಸಿದವರು ನೆದರ್ಲೆಂಡ್ಸಿನ ವಿಲ್ಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರು. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಬ್ರೆಡ್ಡಿಗೆ ಬರಗಾಲ ಬಂದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದನ್ನೂ ಈ ಕಥೆಯ ಜೊತೆ ಹೇಳುತ್ತಾರೆ. 1950ರಲ್ಲಿ ಅವರ ಪ್ರಬಂಧ ಬಂತು. ಅಂದರೆ ಗೊತ್ತಾಗಿ ಎಪ್ಪತ್ತು ವರ್ಷದ ಮೇಲಾಗಿದೆ. ದಾವಣಗೆರೆಯ ನನ್ನ ಫೈಲಿಗೆ ಬರೋಕೆ ಇಷ್ಟು ಹೊತ್ತು ಹಿಡಿಯಿತು ನೋಡಿ.

ಡಾಕ್ಟರಮ್ಮ ಟಿಟಿಜಿ-ಐಜಿಎ ಅಂತ ರಕ್ತ ಪರೀಕ್ಷೆ ಬರೆದರು, ಸೀಲಿಯಾಕ್ ಇದ್ದರೆ ರಕ್ತದಲ್ಲಿ ಏರುವ ಒಂದು ಪ್ರತಿಕಾಯ (ಆಂಟಿಬಾಡಿ) ನೋಡೋದು. ಜೊತೆಗೆ ಟೋಟಲ್ ಐಜಿಎ ಕೂಡ. ಕೆಲವರ ಮೈಯಲ್ಲಿ ಐಜಿಎ ಅನ್ನೋ ಬಗೆಯ ಪ್ರತಿಕಾಯವೇ ಕಡಿಮೆ ಇರುತ್ತೆ, ಅಂಥವರಿಗೆ ಮೊದಲನೇ ಟೆಸ್ಟ್ ಸುಳ್ಳೇ ನಾರ್ಮಲ್ ತೋರಿಸುತ್ತೆ. ನಾನು ತಕ್ಷಣ ಹೇಳಿದೆ, "ಹಾಗಾದ್ರೆ ಇವತ್ತಿಂದಲೇ ಚಪಾತಿ ಬಿಟ್ಬಿಡ್ತೀನಿ ಮೇಡಂ." ಅವರು ಪೆನ್ನು ಕೆಳಗಿಟ್ಟರು. "ಅದೊಂದು ಮಾಡಬೇಡಿ. ಟೆಸ್ಟ್ ಎಲ್ಲ ಮುಗಿಯೋ ತನಕ ದಿನಾ ಗೋಧಿ ತಿನ್ನಿ."

ಈ ಬರಹದಲ್ಲಿ ಒಂದೇ ಒಂದು ಮಾತು ತಲೆಯಲ್ಲಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ. ಗೋಧಿ ಬಿಟ್ಟರೆ ರಕ್ತದಲ್ಲಿನ ಟಿಟಿಜಿ ಸಂಖ್ಯೆ ಇಳಿಯುತ್ತೆ, ಕರುಳು ಮಾಯೋಕೆ ಶುರುವಾಗುತ್ತೆ. ಆಮೇಲೆ ಟೆಸ್ಟ್ ಮಾಡಿಸಿದರೆ ಎಲ್ಲ ನಾರ್ಮಲ್. ಮೊದಲೇ ಬಿಟ್ಟವರು ಟೆಸ್ಟಿಗೆ ಮುಂಚೆ ಕಡಿಮೆ ಅಂದರೂ 6 ವಾರ ದಿನಾ ಗೋಧಿ ತಿನ್ನಬೇಕಾಗುತ್ತೆ, ಅದೂ ಡಾಕ್ಟರನ್ನು ಕೇಳಿ. ಬಿಟ್ಟು ಆರಾಮಾದವರಿಗೆ ಮತ್ತೆ ತಿನ್ನೋದು ಶಿಕ್ಷೆಯೇ. "ಒಂದು ತಿಂಗಳು ಬಿಟ್ಟು ನೋಡು, ಗೊತ್ತಾಗುತ್ತೆ" ಅಂತ ಸಲಹೆ ಕೊಡೋರು ಒಳ್ಳೇ ಮನಸ್ಸಿನಿಂದಲೇ ಕೊಡುತ್ತಾರೆ, ಆದರೆ ಅದರಿಂದ ಗೊತ್ತಾಗೋ ದಾರಿಯೇ ಮುಚ್ಚುತ್ತೆ.

ಇನ್ನೊಂದು. ಯಾವುದೋ ಕಂಪನಿಯವರು ಫೋನ್ ಮಾಡಿ, ಒಂದೇ ರಕ್ತದಲ್ಲಿ ನೂರಾರು ಆಹಾರದ ಟೆಸ್ಟ್ ಮಾಡಿಕೊಡುತ್ತೇವೆ, ಯಾವುದು ಮೈಗೆ ಆಗಲ್ಲ ಎಲ್ಲ ಪಟ್ಟಿ ಬರುತ್ತೆ ಅಂದರು. ಕೇಳಿದ ರೇಟಿಗೆ ನಮ್ಮ ಅಂಗಡಿಗೆ ಒಂದು ಹಳೇ ಪ್ರಿಂಟರ್ ಬರುತ್ತಿತ್ತು. ಡಾಕ್ಟರಮ್ಮ ಬೇಡವೇ ಬೇಡ ಅಂದರು. ಅದರಲ್ಲಿ ನೋಡೋದು ಐಜಿಜಿ ಅನ್ನೋ ಇನ್ನೊಂದು ಬಗೆಯ ಪ್ರತಿಕಾಯ, ಅದು ತಿಂದ ಪದಾರ್ಥಕ್ಕೆಲ್ಲ ಬರುವಂಥದ್ದು. ಅಲರ್ಜಿ ತಜ್ಞರ ಸಂಘಗಳೂ ಇದನ್ನು ಮಾಡಿಸಬೇಡಿ ಅಂತಲೇ ಹೇಳಿವೆ.

ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಮನೆಯಲ್ಲಿ ವಿಷಯ ಹೇಳಿದರೆ ಅತ್ತೆ ಜೋರಾಗಿ ನಕ್ಕರು. "ಯವ್ವಾ, ನಾವೇನು ಗೋಧಿ ತಿನ್ನೋ ಮಂದಿನಾ? ಅದೆಲ್ಲ ಉತ್ತರದ ಕಡೆಯೋರಿಗೆ."

ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ದೇಶದ ದೊಡ್ಡವರಲ್ಲಿ ಈ ಕಾಯಿಲೆ ಎಷ್ಟಿದೆ ಅಂತ ನೋಡಿದ ಒಂದು ಅಧ್ಯಯನ 2016ರಲ್ಲಿ ಬಂದಿದೆ. ರಕ್ತದಲ್ಲಿ ಇದರ ಪ್ರತಿಕಾಯ ಕಂಡದ್ದು ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ಸಾವಿರಕ್ಕೆ ಒಬ್ಬರು. ಆದರೆ ಈ ಕಾಯಿಲೆಗೆ ಬೇಕಾದ ಜೀನ್ ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಇದೆ, ಮೂರರಲ್ಲಿ ಒಬ್ಬರ ಹತ್ತಿರ. ಉತ್ತರಕ್ಕೂ ನಮಗೂ ಇದ್ದ ದೊಡ್ಡ ವ್ಯತ್ಯಾಸ ತಟ್ಟೆಯಲ್ಲಿ. ಈಗ ಆ ತಟ್ಟೆಯೇ ಬದಲಾಗಿದೆ ಅಲ್ವಾ? ಸಂಜೆ ನಮ್ಮ ಓಣಿಯಲ್ಲಿ ನಡೆದರೆ ಎಷ್ಟು ಮನೆಯಿಂದ ಚಪಾತಿ ಬೇಯಿಸೋ ವಾಸನೆ ಬರುತ್ತೆ! ಜೀನ್ ಇದ್ದವರಿಗೆಲ್ಲ ಕಾಯಿಲೆ ಬರಲ್ಲ, ಬಹಳ ಜನಕ್ಕೆ ಬರೋದೇ ಇಲ್ಲ. ಆದರೂ ನಮ್ಮ ಕಡೆ ಇಲ್ಲ ಅಂತ ಹುಡುಕದೇ ಇದ್ದರೆ ಇದ್ದದ್ದೂ ಕಾಣಲ್ಲ.

ರಿಪೋರ್ಟ್ ಬಂತು. ಟಿಟಿಜಿ ಬಹಳ ಮೇಲೆ. ಮತ್ತೆ ಎಂಡೋಸ್ಕೋಪಿ ಅಂದಾಗ ಅಳುವೇ ಬಂತು. ಹೊಟ್ಟೆ ಡಾಕ್ಟರು ಇಲ್ಲೇ ದಾವಣಗೆರೆಯವರೇ, ಬೆಂಗಳೂರಿಗೆ ಓಡಬೇಕಾಗಿ ಬರಲಿಲ್ಲ. ಗಂಟಲಿಗೆ ಕಹಿ ಸ್ಪ್ರೇ ಹೊಡೆದು, ಎಡಕ್ಕೆ ಮಲಗಿಸಿ, ಬಾಯಿಗೆ ಪ್ಲಾಸ್ಟಿಕ್ ಬಳೆ ಕೊಟ್ಟು ಪೈಪು ಇಳಿಸಿದರು. ಸಣ್ಣ ಕರುಳಿನ ಶುರುವಿನಿಂದ ಒಂದೆರಡು ಚೂರು, ಇನ್ನೂ ಒಳಗಿನಿಂದ ನಾಲ್ಕು ಚೂರು ತೆಗೆದರು. ಚೂರು ತೆಗೆದದ್ದು ಗೊತ್ತೇ ಆಗಲ್ಲ, ವಾಕರಿಕೆಯದ್ದೇ ಕಷ್ಟ. ಕಣ್ಣಿಗೆ ಕರುಳು ಸರಿಯಾಗಿ ಕಂಡರೂ ಚೂರು ತೆಗೆಯಲೇಬೇಕು, ಅಲ್ಲಲ್ಲಿ ಮಾತ್ರ ಹಾಳಾಗಿರಬಹುದು ಅಂತ ಅವರೇ ವಿವರಿಸಿದರು. ಕರುಳಿನ ಒಳಗೆ ಹೊಸ ಟರ್ಕಿ ಟವೆಲಿನ ಎಳೆ ಇದ್ದಂತೆ ಸಣ್ಣ ಸಣ್ಣ ಎಳೆ ಇರುತ್ತವಂತೆ, ವಿಲ್ಲೈ ಅಂತ. ಹೀರಿಕೊಳ್ಳೋದು ಅವೇ. ನನ್ನವು ಸವೆದು ಮೊಂಡಾಗಿದ್ದವು. ರಿಪೋರ್ಟಿನಲ್ಲಿ ಅದನ್ನೇ ಮಾರ್ಷ್ 3ಎ ಅಂತ ಬರೆದಿದ್ದರು.

ಅಷ್ಟಕ್ಕೇ ಡಾಕ್ಟರು ತೀರ್ಮಾನ ಮಾಡಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಅಲ್ಲಿ. ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಅಂತ ಇನ್ನೊಂದು ಇದೆ, ಅದರಲ್ಲೂ ಎಳೆಗಳು ಹೀಗೇ ಸವೆಯುತ್ತವೆ. ಅದಕ್ಕೆ ಔಷಧಿಯೇ ಬೇರೆ, ಆಂಟಿಬಯೋಟಿಕ್ಕು ಮತ್ತು ಫೋಲಿಕ್ ಆಸಿಡ್ ಮಾತ್ರೆ, ಗೋಧಿ ಬಿಡಬೇಕಾಗಿಲ್ಲ. ಜಿಯಾರ್ಡಿಯ ಅನ್ನೋ ಹೊಟ್ಟೆಯ ಸೋಂಕೂ ಹೀಗೆ ಮಾಡಬಹುದು. ಮಲ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ಟಿಟಿಜಿ ಅಷ್ಟು ಮೇಲಿದ್ದದ್ದು, ಚೂರಿನ ರಿಪೋರ್ಟು, ನನ್ನ ಥೈರಾಯ್ಡ್, ಎಲ್ಲ ಸೇರಿಸಿ ಸೀಲಿಯಾಕ್ ಅಂದರು. ಜೀವಮಾನವಿಡೀ ಗ್ಲುಟೆನ್ ಇಲ್ಲ. ಔಷಧಿ ಏನು ಅಂದರೆ ಅಷ್ಟೇ.

ಅವತ್ತು ದುಃಖ ಆಗಲಿಲ್ಲ. ಹೆಸರು ಸಿಕ್ಕಿತಲ್ಲ ಅನ್ನೋ ಸಮಾಧಾನವೇ ಜಾಸ್ತಿ.

ಇನ್ನೇನು, ನಾವು ರಾಗಿ, ಜೋಳ, ಅಕ್ಕಿಯ ಮಂದಿ, ಸುಲಭ ಅಂದುಕೊಂಡೆವು. ಪೇಟೆಯಲ್ಲಿ ಗ್ಲುಟೆನ್ ಫ್ರೀ ಅಂತ ಪ್ಯಾಕೆಟ್ ಸಿಗುತ್ತೆ, ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಅಂತ ನಿಯಮ. ರೇಟು ನೋಡಿ ಅಲ್ಲೇ ಇಟ್ಟು ಬಂದೆ. ಮನೆಯಲ್ಲಿ ರಾಗಿ ಇರುವಾಗ ಅದೇಕೆ?

ಆದರೆ ಆ ರಾಗಿಯೇ ಒಂದು ದಿನ ಕೈಕೊಟ್ಟಿತು. ಬೀಸಿಸಿಕೊಂಡು ಬರೋಕೆ ಗಿರಣಿಗೆ ಹೋಗಿದ್ದೆ. ನನ್ನ ಮುಂದಿನವರದ್ದು ಗೋಧಿ. ಅವರ ಡಬ್ಬಿ ತೆಗೆದು ನನ್ನ ಡಬ್ಬಿ ಇಟ್ಟರು, ಮೇಲೆ ರಾಗಿ ಸುರಿದರು. ಬಟ್ಟೆಯ ಚೀಲದ ಬಾಯಿಂದ ಹಿಟ್ಟು ಬೀಳೋಕೆ ಶುರುವಾಯಿತು. ಮೊದಲು ಬಿದ್ದದ್ದು ಬಿಳಿ. ಆಮೇಲೆ ಮಾಸಲು. ಸುಮಾರು ಹೊತ್ತಾದ ಮೇಲೆ ರಾಗಿಯ ಕಂದು ಬಣ್ಣ ಬಂತು. ಹುಟ್ಟಿದಾಗಿಂದ ನೋಡಿದ್ದೇ ಇದು, ಅವತ್ತು ಮೈ ಜುಂ ಅಂತು. ಗಿರಣಿಯವರಿಗೆ ಹೇಳಿದರೆ, "ಎರಡು ಹಿಡಿ ಗೋಧಿಗೆ ಏನಾಗುತ್ತೆ ತಗಳಕ್ಕ, ಗಟ್ಟಿ ಬರುತ್ತೆ ಮುದ್ದೆ" ಅಂದರು. ಈಗ ಮನೆಗೇ ಒಂದು ಸಣ್ಣ ಹಿಟ್ಟಿನ ಮಷಿನ್ ತಂದಿದ್ದೇವೆ, ಕಂತಿನಲ್ಲಿ. ಅದಕ್ಕೆ ಗೋಧಿ ಹಾಕಂಗಿಲ್ಲ. ಮನೆಯವರ ಚಪಾತಿಗೆ ಹಿಟ್ಟು ಹೊರಗಿಂದ ಬರುತ್ತೆ, ಲಟ್ಟಣಿಗೆ, ತವ ಬೇರೆ.

ಅದಾದಮೇಲೆ ಇಂಗು. ಟಿಟಿಜಿ ಇಳಿಯೋದು ನಿಧಾನವಾಯಿತು, ಡಾಕ್ಟರು ಎಲ್ಲ ಡಬ್ಬಿ ಓದಿ ಅಂದರು. ಭೂತಗನ್ನಡಿ ಹಿಡಿದು ಇಂಗಿನ ಡಬ್ಬಿ ಓದಿದೆ. ಇಂಗು, ಅಂಟು, ಗೋಧಿಹಿಟ್ಟು! ಬರೀ ಇಂಗು ಬಹಳ ಖಾರವಂತೆ, ಹಿಟ್ಟು ಬೆರೆಸಿ ಮಾರುತ್ತಾರೆ. ಅಕ್ಕಿಹಿಟ್ಟು ಬೆರೆಸಿದ್ದೂ ಇದೆ, ಹುಡುಕಿ ತರಬೇಕು. ಆರು ಪಾಯಿಂಟ್ ಅಕ್ಷರ ಓದೋದು ನನ್ನ ಕಸುಬೇ ಆದ್ದರಿಂದ ಬಚಾವ್. ಬೆಣ್ಣೆದೋಸೆಗೂ ಕೆಲವು ಕಡೆ ಹಿಟ್ಟಿಗೆ ಸ್ವಲ್ಪ ಮೈದಾ ಸೇರಿಸುತ್ತಾರೆ. ಕೇಳಿ ತಿನ್ನುತ್ತೇನೆ. ಕೇಳಿದರೆ ಕೆಲವರು ಸಿಟ್ಟಾಗುತ್ತಾರೆ, ಹಾಕಲ್ಲ ಅಂತ ನೇರವಾಗಿ ಹೇಳುವವರ ಹತ್ತಿರ ನಾನು ಖಾಯಂ ಗಿರಾಕಿ.

ಮಠದಲ್ಲಿ ಗೋಧಿ ಹುಗ್ಗಿ ಬಡಿಸುವಾಗ ಕೈ ಅಡ್ಡ ಇಡೋದು ಮಾತ್ರ ಇನ್ನೂ ಅಭ್ಯಾಸವಾಗಿಲ್ಲ. ಪ್ರಸಾದ ಬೇಡ ಅನ್ನೋದಾ? ಅತ್ತೆಯೇ ಈಗ ಪಕ್ಕದಲ್ಲಿ ಕೂತು, "ಅವಳಿಗೆ ಅನ್ನ ಸಾರು ಹಾಕಪ್ಪ, ಡಾಕ್ಟರು ಹೇಳ್ಯಾರ" ಅಂತ ಗದರುತ್ತಾರೆ. ಶನಿವಾರದ ಒಪ್ಪತ್ತಿಗೆ ಸಾವೆ ಉಪ್ಪಿಟ್ಟು ಮಾಡೋಕೂ ಅವರೇ ಶುರುಮಾಡಿದರು.

ಗೋಧಿ ತಿಂದರೆ ಆಗಲ್ಲ ಅನ್ನೋರಿಗೆಲ್ಲ ಸೀಲಿಯಾಕ್ ಇರುತ್ತೆ ಅಂತಲ್ಲ. ನನ್ನ ಕಥೆ ಕೇಳಿ ನಮ್ಮ ಬೈಂಡಿಂಗ್ ಕೆಲಸದವಳೂ ಟೆಸ್ಟ್ ಮಾಡಿಸಿದಳು, ಎಲ್ಲ ನಾರ್ಮಲ್. ಆದರೂ ಗೋಧಿ ತಿಂದರೆ ಅವಳಿಗೆ ಉಬ್ಬರ ಬರೋದು ನಿಜ. ಇಂಥವರಿಗೆ ಪಕ್ಕಾ ಹೇಳುವ ರಕ್ತ ಪರೀಕ್ಷೆ ಇಲ್ಲ, ಉಳಿದದ್ದೆಲ್ಲ ಅಲ್ಲ ಅಂತ ಆದಮೇಲೆ ಬಿಟ್ಟು, ಮತ್ತೆ ತಿಂದು ನೋಡೋದೇ ದಾರಿ. ಗೋಧಿಯಲ್ಲಿ ಫ್ರಕ್ಟಾನ್ ಅಂತ ಇನ್ನೊಂದು ಅಂಶ ಇದೆ, ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಗ್ಲುಟೆನ್ ಆಗಲ್ಲ ಅಂದುಕೊಂಡವರಿಗೆ ನಾರ್ವೆಯಲ್ಲಿ ಗೊತ್ತಾಗದಂತೆ ಎರಡನ್ನೂ ಬೇರೆಬೇರೆ ಕೊಟ್ಟು ನೋಡಿದಾಗ ಜಾಸ್ತಿ ತೊಂದರೆ ಕೊಟ್ಟದ್ದು ಫ್ರಕ್ಟಾನ್. ಅವಳು ಈರುಳ್ಳಿ ಕಡಿಮೆ ಮಾಡಿ ಆರಾಮಾಗಿದ್ದಾಳೆ, ಚಪಾತಿ ಒಂದೆರಡು ತಿನ್ನುತ್ತಾಳೆ.

ನನಗೆ ಶುರುವಿನಲ್ಲಿ ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಕೊಟ್ಟರು. ಹಿಮೋಗ್ಲೋಬಿನ್ ಈಗ 11.6. ಥೈರಾಯ್ಡ್ ಮಾತ್ರೆ 75ಕ್ಕೆ ಇಳಿದಿದೆ. ಬಾಯಿಹುಣ್ಣು ಇಲ್ಲ. ಹೊಟ್ಟೆ ಉಬ್ಬರ ಪೂರ್ತಿ ಹೋಗಿಲ್ಲ, ಟಿಟಿಜಿ ಇಳಿಯುತ್ತಿದೆ, ನಾರ್ಮಲ್ ಆಗಿಲ್ಲ. ಮೂಳೆ ಸ್ಕ್ಯಾನ್ ಒಂದು ಬಾಕಿ ಇದೆ.

ಹೆತ್ತವರು, ಒಡಹುಟ್ಟಿದವರು, ಮಕ್ಕಳು ಟೆಸ್ಟ್ ಮಾಡಿಸಬೇಕು, ಅವರಲ್ಲಿ ಹತ್ತು ಹದಿನೈದು ಜನಕ್ಕೆ ಒಬ್ಬರಿಗೆ ಇರುತ್ತೆ ಅಂದರು ಡಾಕ್ಟರು. ಮಗನಿಗೆ ಮಾಡಿಸಿದೆವು, ಸದ್ಯಕ್ಕೆ ಇಲ್ಲ. ತಂಗಿ ಮಾತ್ರ ಕೈಗೇ ಸಿಗುತ್ತಿಲ್ಲ. ಎರಡೂ ಬಾಣಂತನದಲ್ಲಿ ರಕ್ತ ಕಡಿಮೆ ಅಂತ ಬಾಟ್ಲಿ ಹಾಕಿಸಿಕೊಂಡವಳು. "ನಂಗೇನಾಗಿದೆ ಅಕ್ಕ, ಸುಮ್ನೆ ಇರು, ಶೇಂಗಾ ಕೀಳೋದು ಮುಗೀಲಿ ಆಮೇಲೆ ನೋಡೋಣ" ಅನ್ನುತ್ತಾಳೆ. ಆಯಿತು, ಮುಗೀಲಿ. ಅಲ್ಲೀತನಕ ನನ್ನ ನೋಡಿ ನೀನೂ ಗೋಧಿ ಬಿಡಬೇಡ ಅಂತ ಮಾತ್ರ ಹೇಳಿಟ್ಟಿದ್ದೇನೆ.